ಲೈಸಿನ್ ಮೇಲಿನ ಗುರುತು, ಆಟಿ ತಿಂಗಳ ಹುರುಳಿ

ಒಂದು ತೀರ್ಮಾನದ ಫಲವನ್ನು ಉಂಡವರು ಕಾಫಿ ತೋಟದ ಆಳುಗಳ ಲೈನಿನ ಹೆಂಗಸರು ಮತ್ತು ಅವರ ಹೊಟ್ಟೆಯಲ್ಲಿದ್ದ ಮಕ್ಕಳು. ತೋಟದ ಯಜಮಾನರಲ್ಲ, ಹಾಜರಿ ಹಾಕುವ ರೈಟರ್ ಅಲ್ಲ, ಮಡಿಕೇರಿಯ ಕಚೇರಿಯಲ್ಲಿ ಕುಳಿತು ಸಹಿ ಹಾಕುತ್ತಿದ್ದವರೂ ಅಲ್ಲ. ಮಳೆಗಾಲದಲ್ಲಿ ಕೆಲಸ ನಿಂತಾಗ ಅಕ್ಕಿಯನ್ನೂ ನಿಲ್ಲಿಸಬೇಕೆಂದು ತೀರ್ಮಾನಿಸಿದವರು ಒಬ್ಬರು, ಆ ತೀರ್ಮಾನದಿಂದ ಕುಳ್ಳಗಾಗಿ, ಸಣಕಲಾಗಿ ಹುಟ್ಟಿದವರು ಇನ್ನೊಬ್ಬರು. ಹಾಗೆ ಹುಟ್ಟಿದವರನ್ನು ತೋರಿಸಿ ‘ಅವರ ತಳಿಯೇ ಅಂಥದ್ದು’ ಎಂದವರು ಮತ್ತೆ ಮೊದಲಿನವರೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹದಿನೈದು ವರ್ಷ ತುಂಬಿರದ ಕಾಲದ ಮಾತಿದು. ನಾನು ಓದಿದ್ದು ಹೊಸ ಪದ್ಧತಿಯ ಶಾಲೆಯೊಂದರಲ್ಲಿ. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು, ಸರದಿಯ ಪ್ರಕಾರ ಕಕ್ಕಸು ತೊಳೆದೆವು, ‘ಏಕೆ’ ಎಂದು ಕೇಳದೆ ಒಪ್ಪಿಕೊಂಡವರನ್ನು ಅಲ್ಲಿನ ಮೇಷ್ಟ್ರುಗಳು ಮೆಚ್ಚುತ್ತಿರಲಿಲ್ಲ. ಮುಂದೆ ಮೈಸೂರಿನಲ್ಲಿ ವಿಜ್ಞಾನ ಓದಿ, ಸುಂಟಿಕೊಪ್ಪದ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದೆ. ಇಳಿದುಕೊಂಡದ್ದು ಸೋದರಮಾವನ ಮನೆಯಲ್ಲಿ. ನಮ್ಮದು ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಮಾತನಾಡುವ ಮನೆತನ. ಮಾವನ ಕಾಫಿ ತೋಟ ಊರಿನಿಂದ ಸ್ವಲ್ಪ ಆಚೆಗಿತ್ತು. ತೋಟದ ಕೆಳಗಿನ ತಗ್ಗಿನಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಆಳುಗಳ ಕೋಣೆಗಳ ಸಾಲು, ಅದೇ ಲೈನು.

ಕಾಲೇಜಿನ ಕೊನೆಯ ವರ್ಷದಲ್ಲಿ ನಮಗೆ ಜೀವರಸಾಯನ ಕಲಿಸಿದ ಅಧ್ಯಾಪಕರೊಬ್ಬರು, ಆಗತಾನೇ ವಿಜ್ಞಾನ ಪತ್ರಿಕೆಗಳಲ್ಲಿ ಬಂದಿದ್ದ ಸುದ್ದಿಯೊಂದನ್ನು ಪಾಠದ ನಡುವೆ ಹೇಳಿದ್ದರು. ಜೀವಕೋಶದ ನಡುವಿನಲ್ಲಿ ವಂಶದ ಬರಹವನ್ನು ಹೊತ್ತ ಎಳೆಯಿದೆ. ಆ ಎಳೆಗೆ ಅಂಟಿಕೊಂಡು ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಆ ಪ್ರೋಟೀನಿನಲ್ಲಿ ಅಲ್ಲಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ. ಕೆಲವು ಲೈಸಿನ್ನುಗಳ ತುದಿಗೆ ಮೀಥೈಲ್ ಎಂಬ ಪುಟ್ಟ ಗುಂಪು ಬಂದು ಕೂರುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೆ. ಪ್ರೋಟೀನು ತಯಾರಾದ ಮೇಲೆ ಇದನ್ನು ಅಂಟಿಸಲಾಗುತ್ತದೆ. ಒಂದು ಕೂರಬಹುದು, ಎರಡು ಅಥವಾ ಮೂರೂ ಕೂರಬಹುದು.

‘ಇದರ ಕೆಲಸವೇನು ಸಾರ್?’ ಎಂದು ಕೇಳಿದೆ.

‘ಗೊತ್ತಿಲ್ಲಮ್ಮ. ಬರಹವನ್ನು ಯಾವಾಗ ಓದಬೇಕು, ಯಾವಾಗ ಓದಬಾರದು ಅಂತ ಹೇಳೋ ಗುರುತು ಇರಬಹುದು ಅಂತ ಊಹೆ. ಪ್ರಕೃತಿ ಸುಮ್ಮನೆ ಬೀಗ ತಗಲಿಸೋದಿಲ್ಲ.’

ನನ್ನ ತಲೆಯಲ್ಲಿ ಮೂಡಿದ್ದು ಬೀಗವಲ್ಲ, ನಮ್ಮ ಕಡೆಯ ಉಣುಗೋಲು. ತೋಟದ ದಾರಿಗೆ ಎರಡು ಗೂಟ ನೆಟ್ಟು, ತೂತಿನಿಂದ ತೂತಿಗೆ ಅಡ್ಡ ಕೋಲು ತೂರಿಸುತ್ತೇವಲ್ಲ, ಅದು. ಒಂದು ಕೋಲಿದ್ದರೆ ಮನುಷ್ಯ ದಾಟುತ್ತಾನೆ, ದನ ನಿಲ್ಲುತ್ತದೆ. ಮೂರು ಕೋಲಿದ್ದರೆ ಕರುವೂ ನುಸುಳದು. ಗೂಟ ಅದೇ, ದಾರಿ ಅದೇ. ಯಾರು ಹೋಗಬಹುದು ಎಂಬುದು ಮಾತ್ರ ಬೇರೆ. ನನ್ನ ಹೋಲಿಕೆ ಅರ್ಧ ಮಾತ್ರ ಸರಿ ಎಂದು ಆಮೇಲೆ ತಿಳಿಯಿತು. ಲೈಸಿನ್ ಇರುವ ಜಾಗ ಯಾವುದು ಎಂಬುದರ ಮೇಲೆ ಅದೇ ಮೂರು ಮೀಥೈಲುಗಳು ಒಂದು ಕಡೆ ಬರಹವನ್ನು ಮುಚ್ಚಿಸುತ್ತವೆ, ಇನ್ನೊಂದು ಕಡೆ ತೆರೆಸುತ್ತವೆ. ಆದರೆ ಮುಖ್ಯ ಸಂಗತಿ ಅಂದೇ ಮನಸ್ಸಿನಲ್ಲಿ ನಾಟಿತು: ಬೀಜದೊಳಗಿನ ಬರಹ ಒಂದೇ ಆಗಿದ್ದರೂ ಬದುಕು ಒಂದೇ ಆಗಬೇಕೆಂದಿಲ್ಲ.

ಇನ್ನೊಂದು ಸಂಗತಿಯೂ ನಾಟಿತು. ಅದಕ್ಕೆ ಊಹೆ ಬೇಕಿರಲಿಲ್ಲ, ಅದು ಪಠ್ಯಪುಸ್ತಕದಲ್ಲೇ ಇತ್ತು. ಲೈಸಿನ್ನನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಅದು ತಟ್ಟೆಯಿಂದ ಬರಬೇಕು. ಮೀಥೈಲ್ ಗುಂಪನ್ನು ಒದಗಿಸುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲವೂ ತಟ್ಟೆಯಿಂದಲೇ ಬರಬೇಕು. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಹುರುಳಿಯಲ್ಲಿ ಧಾರಾಳ. ಅಕ್ಕಿಯೂ ಕಾಳೂ ಸೊಪ್ಪೂ ಕೂಡಿದರೆ ಗೂಟಕ್ಕೂ ಕೋಲಿಗೂ, ಅಂದರೆ ಲೈಸಿನ್ನಿಗೂ ಮೀಥೈಲಿಗೂ, ಬೇಕಾದದ್ದು ಒದಗುತ್ತದೆ. ಬರಿಯ ಅಕ್ಕಿ, ಅದೂ ಅರ್ಧ ವರ್ಷ ಮಾತ್ರ ಸಿಕ್ಕರೆ ಒದಗುವುದಿಲ್ಲ. ಮಾವನ ತೋಟದಲ್ಲಿ ಹಾಜರಿ ಇದ್ದ ದಿನಕ್ಕೆ ಮಾತ್ರ ಅಕ್ಕಿ. ಕಾಳು ಯಾವ ದಿನಕ್ಕೂ ಇಲ್ಲ. ಗಟಾರದ ಬದಿಯ ಕೆಸುವಿನ ಸೊಪ್ಪು ಕೊಯ್ಯಲೂ ರೈಟರ್ ಅಪ್ಪಣೆ ಬೇಕಿತ್ತು. ಇದೆಲ್ಲವನ್ನೂ ‘ಪದ್ಧತಿ’ ಎಂದು ಕರೆಯುತ್ತಿದ್ದರು. ನಾನು ಅನ್ಯಾಯ ಎಂದು ಕರೆಯುತ್ತೇನೆ.

ಮಾವನ ಸಸಿಮಡಿಯನ್ನು ನೋಡಿಕೊಳ್ಳುತ್ತಿದ್ದವಳು ಪಿರಿಯಾಪಟ್ಟಣದ ಕಡೆಯಿಂದ ಗಂಡನೊಂದಿಗೆ ಬಂದಿದ್ದ ಹೆಂಗಸು. ತೆಳ್ಳಗೆ, ಗಿಡ್ಡಗೆ, ಮಾತಿನಲ್ಲಿ ಮಾತ್ರ ಯಾರಿಗೂ ಸೋಲದವಳು. ಬಿದಿರಿನ ಸಣ್ಣ ಬುಟ್ಟಿಗಳಲ್ಲಿ ಕಾಡಿನ ಮಣ್ಣು, ಗೊಬ್ಬರ ತುಂಬಿ, ಕಾಫಿ ಸಸಿ ನೆಟ್ಟು, ಮೇಲೆ ಜರಿಗಿಡದ ಚಪ್ಪರ ಹಾಕಿ, ಮಳೆ ಬರುವವರೆಗೆ ಹಳ್ಳದಿಂದ ನೀರು ಹೊತ್ತು ಹನಿಸುವುದು ಅವಳ ಕೆಲಸ. ಆ ವರ್ಷದ ಸಸಿಗಳೆಲ್ಲ ಮಾವನ ಒಂದೇ ಹೆಮ್ಮೆಯ ಮರದ ಬೀಜದವು. ಅವಳು ಆಗ ತುಂಬಿದ ಬಸುರಿ.

ಕಾಫಿ ಗಿಡ ಹೂಬಿಡಿಸುವ ಹೂಮಳೆ ಬೀಳುವ ಮೊದಲಿನ ಸೆಕೆಯಲ್ಲಿ, ನೀರು ಹೊತ್ತು ತಂದ ದಿನವೇ ಅವಳಿಗೆ ಹೆರಿಗೆಯಾಯಿತು. ಗಂಡು ಮಗು. ಅಂಗೈಯಲ್ಲಿ ಹಿಡಿಯುವಷ್ಟು ಇತ್ತು. ಅಳಲೂ ಶಕ್ತಿಯಿಲ್ಲದೆ ಕೆಲವೇ ದಿನದಲ್ಲಿ ತೀರಿಕೊಂಡಿತು. ಆ ಮಗು ಅವಳ ಹೊಟ್ಟೆಯಲ್ಲಿ ಮೊಳೆತದ್ದು ಹಿಂದಿನ ವರ್ಷದ ಜಡಿಮಳೆಯ ತಿಂಗಳಲ್ಲಿ, ತೋಟದ ಕೆಲಸ ನಿಂತು ಲೈನಿನ ಒಲೆಗಳಲ್ಲಿ ಗಂಜಿಯೂ ತೆಳುವಾಗಿದ್ದಾಗ.

ನಾನು ಸುದ್ದಿ ಹೇಳಿದಾಗ ಮಾವ ಜಗುಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಪಾಪ,’ ಎಂದರು. ‘ಏನ್ ಮಾಡ್ದು ಗೂಡೇ. ಅವರ ತಳಿನೇ ಹಂಗೆ. ಅಪ್ಪನೂ ಗಿಡ್ಡ, ಅವ್ವನೂ ಗಿಡ್ಡ. ರೊಬಸ್ಟಾ ಗಿಡಲಿ ಅರೇಬಿಕಾ ಬಿಡುದುಂಟಾ?’

ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಮಾವನಿಗೆ ನನ್ನ ಮೇಲೆ ಪ್ರೀತಿಯಿತ್ತು. ಅನ್ಯಾಯ ಮಾಡುವವರು ಪ್ರೀತಿಯಿಲ್ಲದವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಅವಳು ಬಾಣಂತಿಯಾಗಿ ಮಲಗಿದ್ದ ದಿನಗಳಲ್ಲಿ ಸಸಿಮಡಿಯ ಮೇಲಿನ ಪಾತಿಗೆ ಮನೆಯ ಆಳು ನೀರು ಹನಿಸಿದ, ಕೆಳಗಿನ ಪಾತಿಗೆ ಯಾರೂ ಹಾಕಲಿಲ್ಲ. ರೈಟರ್ ಬೇರೆ ಆಳನ್ನು ಕಳುಹಿಸಬೇಕಿತ್ತು, ಕಳುಹಿಸಲಿಲ್ಲ. ಆಷಾಢದ ಹೊತ್ತಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ನಾಟಿಗೆ ಮೊದಲು ಬುಟ್ಟಿಗಳನ್ನು ಆರಿಸಲು ಮಾವ ಕೊಡೆ ಹಿಡಿದು ಇಳಿದರು. ಹಿಂದೆ ರೈಟರ್, ಅವನ ಹಿಂದೆ ನಾನು. ಆ ಹೆಂಗಸು ಮಳೆಗೆ ಎಲೆ ಹೆಣೆದ ಗೊರಬು ಹೊದ್ದು ಪಾತಿಯ ಪಕ್ಕ ನಿಂತಿದ್ದಳು.

‘ಇದ್ ಎಂಥ?’ ಎಂದು ಮಾವ ಕೊಡೆಯ ತುದಿಯಿಂದ ತೋರಿಸಿದರು. ‘ಒಂದೇ ಮರದ ಬೀಜ. ಮೇಲಿನ ಪಾತಿಲಿ ಗೇಣ್ ದಾಟಿ ಬಂದುಟ್ಟು. ಇಲ್ಲಿ ನಾಲ್ಕ್ ಬೆರಳ್ ಇಲ್ಲೆ.’

‘ಬೀಜ ಕೆಟ್ಟಿರಬೇಕು ಧಣಿ,’ ಎಂದ ರೈಟರ್, ತನ್ನ ತಲೆ ಉಳಿಸಿಕೊಳ್ಳಲು.

ಮಾವ ಕೆರಳಿದರು. ‘ನನ್ನ ಬೀಜಕ್ಕೆ ಏನಾಗುಟ್ಟು? ಬೀಜದ ಮೇಲೆ ತಪ್ಪು ಹಾಕ್ಬೇಡ. ಎಳೆದರಲ್ಲಿ ನೀರ್ ತಪ್ಪಿಸಿದರೆ ಆಮೇಲೆ ಹಾಲ್ ಹೊಯ್ದರೂ ಆ ಸಸಿ ಮೇಲೇಳುದಿಲ್ಲೆ. ಎಳೆದರಲ್ಲಿ ಬಿದ್ದ ಪೆಟ್ಟು ಮರ ಆದರೂ ಹೋಗುದಿಲ್ಲೆ.’ ಆಮೇಲೆ ಅವಳತ್ತ ತಿರುಗಿ ಕನ್ನಡದಲ್ಲಿ, ‘ನೀನು ಎಲ್ಲಿಗೆ ಹೋಗಿದ್ದೆ ಆವಾಗ?’ ಎಂದರು.

‘ಮಣ್ಣು ಮಾಡೋಕೆ ಹೋಗಿದ್ದೆ ಧಣಿ,’ ಎಂದಳು ಅವಳು.

ಗೊರಬಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ಮಾವ ಕುಳ್ಳು ಸಸಿಗಳನ್ನು ಹಳ್ಳಕ್ಕೆ ಎಸೆಯಲು ಹೇಳಿ ಮೇಲೆ ಹತ್ತಿದರು.

ಅವಳು ಆಗಲೇ ಮತ್ತೆ ಬಸುರಿಯಾಗಿದ್ದಳು, ಎಳೆಯ ತಿಂಗಳು. ಮಳೆ ಬಿಗಿಯಿತು, ಕೆಲಸ ನಿಂತಿತು, ಅಕ್ಕಿಯೂ ನಿಂತಿತು. ಅಂದರೆ ಎರಡನೆಯ ಮಗುವೂ ಮೊದಲನೆಯದು ಮೊಳೆತ ಹಸಿವಿನಲ್ಲೇ ಮೊಳೆಯತೊಡಗಿತು. ಅದನ್ನು ತಿಳಿದೂ ನಾನು ಶಾಲೆಯಲ್ಲಿ ಹೂವಿನ ಭಾಗಗಳನ್ನು ಬರೆಸುತ್ತಿದ್ದೆ.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮಾತ್ರ ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು, ಗಾಡಿ ಎತ್ತುಗಳಿಗೆ. ಮಳೆಯಲ್ಲಿ ಗಾಡಿ ಕಟ್ಟುವುದೇ ಇಲ್ಲ. ಆದರೂ ಎತ್ತಿಗೆ ಹುರುಳಿ ತಪ್ಪುತ್ತಿರಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಎತ್ತು ಇಳಿದುಹೋದರೆ ಕಾಫಿ ಕೊಯ್ಲಿಗೆ ಏಳುವುದಿಲ್ಲ ಎಂಬುದು ಮಾವನ ಲೆಕ್ಕ. ಒಂದು ಬೆಳಗ್ಗೆ ಆ ಹೆಂಗಸು ಪಾತ್ರೆ ಹಿಡಿದು ಕೊಟ್ಟಿಗೆಯ ಸೂರಿನಡಿ ನಿಂತಿದ್ದಳು.

‘ಹುರುಳಿ ಬಸ್ದ ನೀರು ಒಸಿ ಕೊಟ್ರೆ ಸಾರು ಮಾಡ್ಕೊತೀನಿ ಟೀಚರಮ್ಮ. ಕಾಳು ಬ್ಯಾಡ, ಕಾಳು ಬಸವಣ್ಣಂಗೇ ಇರ್ಲಿ.’

‘ಕೆಲಸವಿಲ್ಲದಿದ್ದರೂ ಎತ್ತಿಗೆ ಊಟ ಉಂಟಲ್ಲ,’ ಎಂದೆ.

‘ನಮ್ಮನ್ನೂ ನೊಗಕ್ಕೆ ಕಟ್ಟೋಕೆ ಹೇಳಿ. ಆವಾಗ ನಮ್ಗೂ ಬೇಯಿಸ್ತಾರೆ. ಒಂದೇ ತೊಂದ್ರೆ, ನಮ್ಗೆ ಕೊಂಬಿಲ್ಲ. ಕೊಂಬಿದ್ದಿದ್ರೆ ಧಣಿ ಇಷ್ಟೊತ್ಗೆ ಭಯಕ್ಕಾದ್ರೂ ಕೊಡ್ತಿದ್ರು.’

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆಟಿ ಹದಿನೆಂಟು ಬಂದಿತು. ನಮ್ಮ ಕಡೆ ಅಂದು ಮದ್ದುಸೊಪ್ಪಿನ ಪಾಯಸ ಮಾಡದ ಮನೆಯಿಲ್ಲ. ಕಾಡಿನ ಆ ಸೊಪ್ಪಿಗೆ ಆ ದಿನ ಹದಿನೆಂಟು ಬಗೆಯ ಮದ್ದು ಇಳಿಯುತ್ತದೆಂದು ನಂಬಿಕೆ. ಬೇಯಿಸಿದ ನೀರು ಕಡು ನೇರಳೆ. ಜೊತೆಗೆ ನಾಟಿಕೋಳಿ, ಏಡಿ, ಎಳೆಬಿದಿರಿನ ಕಣಿಲೆ, ಮರಕೆಸುವಿನ ಪತ್ರೊಡೆ. ಅತ್ತೆ ಬಡಿಸುತ್ತಿದ್ದರು. ನಾನು ಎಲೆಯ ಮುಂದೆ ಸುಮ್ಮನೆ ಕುಳಿತದ್ದನ್ನು ಮಾವ ಕಂಡರು.

‘ಉಣ್ಣ್, ಗೂಡೇ. ಆಟಿಲಿ ತಿಂದದ್ ವರ್ಷ ಇಡೀ ಮೈಲಿ ನಿಲ್ತದೆ. ಇವತ್ತ್ ಬಿಟ್ಟರೆ ಮುಂದಿನ ಆಟಿವರೆಗೆ ಸೊರಗುದೇ.’

‘ಮಾವ, ಆಟಿಯಲ್ಲಿ ತಿನ್ನದೆ ಇದ್ದದ್ದೂ ಮೈಯಲ್ಲಿ ನಿಲ್ಲುತ್ತದಲ್ಲವೇ?’ ಎಂದೆ. ಅಂಥ ಮಾತಿಗೆ ನನ್ನಿಂದ ಬರುತ್ತಿದ್ದದ್ದು ಶಾಲೆಯ ಕನ್ನಡವೇ.

‘ನಿಲ್ಲದೆ ಏನ್.’

‘ಎಳೆದರಲ್ಲಿ ಬಿದ್ದ ಪೆಟ್ಟು ಮರವಾದರೂ ಹೋಗುವುದಿಲ್ಲ ಎಂದು ನೀವೇ ಸಸಿಮಡಿಯಲ್ಲಿ ಹೇಳಿದಿರಿ. ಆ ಹೆಂಗಸಿನ ಹೊಟ್ಟೆಯಲ್ಲಿ ಈಗ ಇರುವುದಕ್ಕಿಂತ ಎಳೆಯದು ಈ ತೋಟದಲ್ಲಿ ಯಾವುದೂ ಇಲ್ಲ. ಅವಳ ಮಗುವಿಗೆ ತಳಿ, ನಿಮ್ಮ ಸಸಿಗೆ ನೀರು, ಹೀಗೇಕೆ?’ ಆಮೇಲೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಲೈಸಿನ್, ಮೀಥೈಲು, ಬರಹ ಒಂದೇ ಇದ್ದರೂ ಓದು ಬದಲಾಗಬಹುದೆಂಬ ಊಹೆ, ಊಹೆಯಲ್ಲದ ಹುರುಳಿ. ‘ಲೈನಿನ ಬಸುರಿಯರಿಗೆ ಮಳೆಗಾಲವಿಡೀ ಅಕ್ಕಿಯ ಜೊತೆ ಕಾಳು ಕೊಡಿ. ಎತ್ತಿಗೆ ಬೇಯುವ ಹಂಡೆಯಲ್ಲೇ ಬೆಂದೀತು.’

ಮಾವ ಸಿಟ್ಟಾಗಲಿಲ್ಲ. ನಿಧಾನವಾಗಿ ಪಾಯಸ ಮುಗಿಸಿ, ನೇರಳೆಯಾದ ಬೆರಳನ್ನು ಎಲೆಯ ಅಂಚಿಗೆ ಒರೆಸಿದರು.

‘ನೀ ಹೇಳ್ದು ಸುಳ್ಳಲ್ಲ. ಹೊಟ್ಟೆಗೆ ಇಲ್ಲದಿದ್ದರೆ ಹುಟ್ಟುದೂ ಹಂಗೇ ಅಂತ ನಂಗೂ ಗೊತ್ತುಟ್ಟು. ಎತ್ತು ನಂದ್. ಸಸಿ ನಂದ್. ಅವಳ ಹೊಟ್ಟೆಲಿ ಇರ್ದು ನಂದಲ್ಲ.’

ಅತ್ತೆ ಇನ್ನೊಂದು ಸೌಟು ಬಡಿಸಿದರು.

ಅಲ್ಲಿಯವರೆಗೆ ನಾನು ತಿಳಿದಿದ್ದೆ, ಈ ಜನರಿಗೆ ಜ್ಞಾನದ ಕೊರತೆ ಇದೆ, ತಿಳಿಸಿದರೆ ಸರಿಹೋಗುತ್ತದೆ ಎಂದು. ನನ್ನ ಶಾಲೆ ನನಗೆ ಕಲಿಸಿದ್ದೂ ಅದನ್ನೇ. ಆ ಎಲೆಯ ಮುಂದೆ ಆ ಪಾಠ ಮುಗಿಯಿತು. ಮಾವನಿಗೆ ಎಲ್ಲವೂ ತಿಳಿದಿತ್ತು. ‘ತಳಿ’ ಎಂಬುದು ಅವರ ನಂಬಿಕೆಯಾಗಿರಲಿಲ್ಲ. ಹೊಣೆ ತಮ್ಮ ಅಂಗಳಕ್ಕೆ ಬಾರದಂತೆ ಹಾಕಿಕೊಂಡ ಉಣುಗೋಲಾಗಿತ್ತು.

ನಾನು ಮಡಿಕೇರಿಯ ಕಾರ್ಮಿಕ ಕಚೇರಿಗೆ ಹೋಗಿ ದೂರು ಕೊಟ್ಟೆ. ತೋಟದ ಆಳುಗಳಿಗೆಂದು ಕಾನೂನು ಬಂದಿತ್ತು. ತೋಟದ ಗೇಟಿನೊಳಗೆ ಬಂದಿರಲಿಲ್ಲ. ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು, ಮಾವನ ಜಗುಲಿಯಲ್ಲಿ ಕಾಫಿ ಕುಡಿದು, ಆ ಹೆಂಗಸನ್ನು ಅಲ್ಲಿಗೇ ಕರೆಸಿದರು. ಮಾವ ಎದುರಿಗೇ ಕುಳಿತಿದ್ದರು.

‘ಏನಮ್ಮ, ಊಟಕ್ಕೆ ತೊಂದರೆ ಇದೆಯಾ?’

ಅವಳು ಮಾವನನ್ನೂ, ಕೆಳಗೆ ಲೈನಿನ ಹೊಗೆಯನ್ನೂ ನೋಡಿದಳು. ‘ಇಲ್ಲ ಸ್ವಾಮಿ. ಚೆನ್ನಾಗದೆ.’

ಕೋಣೆ ತೋಟದ್ದಾಗಿರುವಾಗ, ಕೋಣೆಯ ಒಡೆಯನ ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆ ವಿಚಾರಣೆಯಲ್ಲ. ಅಧಿಕಾರಿಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಸುಂಟಿಕೊಪ್ಪದ ಅಂಗಡಿಯಿಂದ ನಾನೇ ಹುರುಳಿ ತಂದು ಅವಳಿಗೆ ಕೊಡತೊಡಗಿದೆ. ಒಬ್ಬಳ ಹೊಟ್ಟೆಗೆಂದು ಒಯ್ದದ್ದು ಸಾಲಿಗೆಲ್ಲ ಹಂಚಿಹೋಗುತ್ತಿತ್ತು. ಕೇಳಿದರೆ ಅವಳು, ‘ಒಲೆಗಳೆಲ್ಲ ಒಂದೇ ಗೋಡೆಗೆ ಅಂಟ್ಕೊಂಡಿವೆ ಟೀಚರಮ್ಮ. ಹುರುಳಿ ವಾಸನೆಗೆ ಬಾಗಿಲು ಹಾಕೋಕಾಯ್ತದಾ? ಪಕ್ಕದ ಕ್ವಾಣೇಲೂ ಬಸ್ರಿ ಅವಳೆ,’ ಎಂದಳು. ಅವಳು ಹೇಳಿದ್ದೇ ಸರಿ. ಒಬ್ಬ ಉಪಾಧ್ಯಾಯಿನಿಯ ಚೀಲ ಲೈನಿನ ಹಕ್ಕಿಗೆ ಬದಲಾಗಲಾರದು. ದಯೆಯಿಂದ ಕೊಟ್ಟದ್ದು ದಯೆ ಮುಗಿದಾಗ ಮುಗಿಯುತ್ತದೆ.

ಮತ್ತೆ ಸೆಕೆಗಾಲದಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಇದೂ ಸಣ್ಣದು, ಆದರೆ ಉಳಿಯಿತು. ನಾನು ಮಾವನ ಮನೆ ಬಿಟ್ಟು ಊರೊಳಗೆ ಕೋಣೆ ಹಿಡಿದಿದ್ದೆ. ಆ ಹುಡುಗಿ ದೊಡ್ಡವಳಾಗಿ ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕುಳಿತಳು. ಹಿಂದಿನ ಬೆಂಚಿನಿಂದ ಅವಳಿಗೆ ಹಲಗೆ ಕಾಣುತ್ತಿರಲಿಲ್ಲ. ಬುದ್ಧಿ ಚುರುಕು, ಮೈ ಗಿಡ್ಡ, ಮಳೆ ಬಂದರೆ ಉಬ್ಬಸ. ಓದು ಮುಗಿಯುವ ಮೊದಲೇ ಅವಳನ್ನೂ ಸಸಿಮಡಿಗೆ ಹಚ್ಚಿದರು.

ನನ್ನ ತಲೆ ಹಣ್ಣಾಗುತ್ತಿದ್ದಂತೆ ನನ್ನ ಅಧ್ಯಾಪಕರ ಊಹೆಯೂ ಹಣ್ಣಾಯಿತು. ಲೈಸಿನ್ ಮೇಲೆ ಮೀಥೈಲು ಕೂರಿಸುವ ಕಿಣ್ವಗಳಿವೆ, ತೆಗೆಯುವ ಕಿಣ್ವಗಳಿವೆ, ಅದನ್ನು ಗುರುತಿಸಿ ಬಂದು ಅಂಟಿಕೊಳ್ಳುವ ಬೇರೆ ಪ್ರೋಟೀನುಗಳಿವೆ ಎಂದು ತಿಳಿಯಿತು. ಹಿಸ್ಟೋನುಗಳಲ್ಲಿ ಮಾತ್ರವಲ್ಲ, ಕೋಶದ ಇತರ ಎಷ್ಟೋ ಪ್ರೋಟೀನುಗಳಲ್ಲೂ ಆ ಗುರುತು ಬೀಳುತ್ತದೆ. ಯಾವ ಪ್ರೋಟೀನು ಎಷ್ಟು ಕಾಲ ಬಾಳಬೇಕು, ಯಾವುದರೊಡನೆ ಕೂಡಬೇಕು, ಯಾವಾಗ ಕೆಲಸಕ್ಕಿಳಿಯಬೇಕು ಎಂಬುದನ್ನು ಅದು ತಿದ್ದುತ್ತದೆ. ಗರ್ಭದಲ್ಲಿ ಅನುಭವಿಸಿದ ಹಸಿವು ಇಂಥ ಗುರುತುಗಳ ಮೂಲಕ ಮುಂದಿನ ಬದುಕನ್ನು ಮುಟ್ಟಬಲ್ಲದೆಂದು ಹಲವರು ಶೋಧಿಸುತ್ತಿದ್ದಾರೆ. ಆ ಹುಡುಗಿಯ ಉಬ್ಬಸ ಇಂಥ ಲೈಸಿನ್ನಿನ ಇಂಥ ಗುರುತಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಯಾರಿಗೂ ಆಧಾರವಿಲ್ಲ. ನಾನು ಹೇಳುವುದು ಇಷ್ಟೇ: ತಟ್ಟೆಯನ್ನು ಬರಿದು ಮಾಡಿದವರಿಗೆ ಬೀಜವನ್ನು ದೂರುವ ಅಧಿಕಾರ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅದು ಮುಗಿದ ಕಥೆಯಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈಚೆಗೆ ಆ ಹುಡುಗಿಯ ಮಗಳಿಗೆ ಹೆರಿಗೆಯಾಯಿತು. ಅವಳೂ ಅದೇ ಲೈನಿನವಳು. ಆಸ್ಪತ್ರೆಗೆ ನಾನು ಜೊತೆಗೆ ಹೋಗಿದ್ದೆ. ತಕ್ಕಡಿಯ ಮೇಲಿನ ಮಗುವನ್ನು ನೋಡಿ ಬಿಳಿ ಕೋಟಿನವರೊಬ್ಬರು, ‘ಇವರ ಜನದಲ್ಲೇ ಮಕ್ಕಳು ಸಣ್ಣ ಹುಟ್ಟೋದು,’ ಎಂದರು. ‘ಮಳೆಗಾಲದಲ್ಲಿ ಇವಳು ಏನು ತಿಂದಳು ಎಂದು ಕೇಳಿದಿರಾ?’ ಎಂದೆ. ಅವರು ನನ್ನನ್ನು, ದಾರಿ ತಪ್ಪಿ ಬಂದ ಮುದುಕಿಯನ್ನು ನೋಡುವಂತೆ ನೋಡಿದರು. ಮಾವ ತೀರಿಕೊಂಡು ಬಹಳ ಕಾಲವಾಗಿದೆ. ಅವರ ಮಾತಿಗೆ ಮಾತ್ರ ಸಾವಿಲ್ಲ.

ಆದ್ದರಿಂದ ಮಾವನ ತೋಟವನ್ನು ಇಂದು ನಡೆಸುತ್ತಿರುವ ನನ್ನ ಬಂಧುಗಳಿಗೆ, ಅವರಂತೆ ಲೈನು ಇಟ್ಟುಕೊಂಡಿರುವ ಎಲ್ಲ ಯಜಮಾನರಿಗೆ, ಅವರನ್ನು ತಪಾಸಣೆ ಮಾಡಬೇಕಾದ ಅಧಿಕಾರಿಗಳಿಗೆ ನಾನು ಕೇಳುವುದು ಇದು. ಬರುವ ಆಟಿಯ ಮೊದಲ ದಿನದಿಂದ, ಕೆಲಸವಿರಲಿ ಇಲ್ಲದಿರಲಿ, ಹಾಜರಿ ನೋಡದೆ, ಲೈನಿನ ಪ್ರತಿಯೊಬ್ಬ ಬಸುರಿಗೂ ಬಾಣಂತಿಗೂ ಅಕ್ಕಿಯ ಜೊತೆ ಹುರುಳಿಯೋ ಬೇರೆ ಕಾಳೋ, ಮೊಟ್ಟೆ, ಸೊಪ್ಪು ಮಳೆಗಾಲ ಮುಗಿಯುವವರೆಗೂ ಅವರವರ ಬಾಗಿಲಿಗೆ ತಲುಪಬೇಕು. ದಾನವಾಗಿ ಅಲ್ಲ, ಕೂಲಿಯ ಭಾಗವಾಗಿ. ತಲುಪಿತೇ ಎಂದು ಆ ಹೆಂಗಸರನ್ನು ಕೇಳಬೇಕು, ಯಜಮಾನರ ಜಗುಲಿಯಲ್ಲಿ ಅಲ್ಲ, ಅವರ ಒಲೆಯ ಮುಂದೆ, ಯಜಮಾನರು ಅಲ್ಲಿ ಇಲ್ಲದಾಗ. ಹಾಗೆ ಕೇಳುವವರೆಗೆ ‘ತಳಿ’ ಎಂಬ ಮಾತನ್ನು ನಿಮ್ಮ ಕಾಫಿ ಗಿಡಗಳಿಗಷ್ಟೇ ಇಟ್ಟುಕೊಳ್ಳಿ.